ಎಲೆ ಉದುರದ ತೋಟ

ಮಹಾಲಯ ಅಮಾವಾಸ್ಯೆಗೆ ಇನ್ನು ನಾಲ್ಕೈದು ದಿನ ಇದೆ ಎನ್ನುವಾಗ ನಮ್ಮಮ್ಮ ಒಂದು ಹಿಡಿ ರಾಗಿ ನೆನೆಹಾಕುತ್ತಿದ್ದರು. ತಿನ್ನುವುದಕ್ಕಲ್ಲ, ನವರಾತ್ರಿಗೆ ಕೂರಿಸುವ ಗೊಂಬೆಗಳ ಪಾರ್ಕಿಗೆ. ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆದ ರಾಗಿ ಚೆಲ್ಲಿ, ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಪಾಡ್ಯದ ಹೊತ್ತಿಗೆ ಹುಲ್ಲುಹಾಸು ಸಿದ್ಧ. ಒಡೆದ ಕನ್ನಡಿ ಚೂರು ಕೆರೆ, ಜರಡಿ ಹಿಡಿದ ಮರಳು ಕಾಲುದಾರಿ. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಗಂಭೀರವಾಗಿ ನಿಂತಿದ್ದರೆ, ನಮ್ಮ ಮಕ್ಕಳ ಸೈನ್ಯವೆಲ್ಲ ಕೆಳಗಿನ ಆ ಪಾರ್ಕಿನ ಸುತ್ತ.

ಮೊದಲ ದಿನ ಎಲ್ಲವೂ ಚೆಂದ. ಮೂರನೇ ದಿನಕ್ಕೆ ಹುಲ್ಲು ಚನ್ನಪಟ್ಟಣದ ಗೊಂಬೆಯ ಸೊಂಟ ಮುಟ್ಟುತ್ತಿತ್ತು. ಸರಸ್ವತಿ ಪೂಜೆಯ ಹೊತ್ತಿಗೆ ಗೊಂಬೆಯೇ ನಾಪತ್ತೆ. ಅಮ್ಮ ಕತ್ತರಿ ಹಿಡಿದು ಕೂರುತ್ತಿದ್ದರು: “ಮನೆ ಚಿಕ್ಕದು ಮಾಡಬಹುದು ಕಣೋ, ಗಿಡಕ್ಕೆ ಹೇಳೋರು ಯಾರು?”

ನೂರು ವರ್ಷದ ಹಿಂದೆ ಇದೇ ಪ್ರಶ್ನೆ ಇಂಗ್ಲೆಂಡಿನ ಒಂದು ಗೊಂಬೆಮನೆಗೂ ಎದುರಾಗಿತ್ತು. ಅದು ಅಂತಿಂಥ ಗೊಂಬೆಮನೆಯಲ್ಲ. ಐದನೇ ಜಾರ್ಜ್ ದೊರೆಯ ರಾಣಿ ಮೇರಿಗೆ ಪುಟ್ಟ ವಸ್ತುಗಳೆಂದರೆ ಪ್ರಾಣ. ಅವಳಿಗೊಂದು ಗೊಂಬೆಮನೆ ಕೊಡಬೇಕೆಂದು 1921ರಲ್ಲಿ ರಾಜಕುಮಾರಿ ಮೇರಿ ಲೂಯಿಸ್ ಹೊರಟಳು. ಕೇಳಿಕೊಂಡಿದ್ದು ಎಡ್ವಿನ್ ಲುಟ್ಯೆನ್ಸ್‌ನನ್ನು. ಆಗ ಆತ ರೈಸಿನಾ ಗುಡ್ಡದ ಮೇಲೆ ವೈಸ್‌ರಾಯ್ ಭವನ, ಅಂದರೆ ಇಂದಿನ ರಾಷ್ಟ್ರಪತಿ ಭವನ, ಕಟ್ಟಿಸುತ್ತಿದ್ದ. ಒಂದು ಕಡೆ ಸಾಮ್ರಾಜ್ಯದ ರಾಜಧಾನಿ, ಇನ್ನೊಂದು ಕಡೆ ಗೊಂಬೆಮನೆ. ಎರಡಕ್ಕೂ ಒಂದೇ ಕೈ ನಕ್ಷೆ ಬರೆಯಿತು.

ಅಳತೆ ಒಂದಕ್ಕೆ ಹನ್ನೆರಡು. ನಿಜದ ಒಂದು ಅಡಿ ಇಲ್ಲಿ ಒಂದು ಅಂಗುಲ. ಸಾವಿರದ ಐನೂರಕ್ಕೂ ಹೆಚ್ಚು ಕಲಾವಿದರು, ಕುಶಲಕರ್ಮಿಗಳು, ತಯಾರಕರು ಕೈಜೋಡಿಸಿದರು. ಒಳಗೆ ಯಾವುದೂ ತೋರಿಕೆಯದಾಗಬಾರದು ಎಂಬುದೇ ಹಟ. ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ, ಲಿಫ್ಟು ಏರಿಳಿಯುತ್ತದೆ. ಬೆರಳುದ್ದದ ಬಾಟಲಿಗಳಲ್ಲಿ ನಿಜವಾದ ವೈನ್. ಗ್ರಂಥಾಲಯಕ್ಕಾಗಿ ಕಾನನ್ ಡಾಯ್ಲ್, ಕಿಪ್ಲಿಂಗರಂಥವರು ಪುಟಾಣಿ ಪುಸ್ತಕಗಳಿಗೆ ಬರೆದುಕೊಟ್ಟರು.

ಮನೆಗೆ ತೋಟ ಬೇಡವೇ? ಅದರ ಜವಾಬ್ದಾರಿ ಗರ್ಟ್ರೂಡ್ ಜೀಕಲ್‌ಗೆ ಹೋಯಿತು. 1843ರಲ್ಲಿ ಹುಟ್ಟಿದ ಆಕೆಗೆ ಆಗ ಎಂಬತ್ತರ ಆಸುಪಾಸು. ಲುಟ್ಯೆನ್ಸ್‌ಗೆ ಇಪ್ಪತ್ತರ ಹರೆಯದಿಂದಲೂ ಪರಿಚಯ. ಸರ್ರೆ ಪ್ರಾಂತ್ಯದಲ್ಲಿ ಆಕೆಯ ಮನೆ ಮನ್‌ಸ್ಟೆಡ್ ವುಡ್ ಕಟ್ಟಿಕೊಟ್ಟವನೂ ಅವನೇ. ಅವನು ಮನೆ ಕಟ್ಟಿದರೆ ಆಕೆ ತೋಟ ಹಾಕುವುದು, ಹೀಗೆ ದಶಕಗಳ ಜೋಡಿ. ಜೀಕಲ್ ಮೊದಲು ಓದಿದ್ದು ಚಿತ್ರಕಲೆ. ಹತ್ತಿರದ್ದು ಮಾತ್ರ ಕಾಣುವ ಕಣ್ಣಿನ ದೋಷ ಹೆಚ್ಚುತ್ತ ಬಂದು ಕುಂಚ, ಕಸೂತಿ ಎರಡೂ ಕೈಬಿಟ್ಟಾಗ ಬಣ್ಣದ ಹುಚ್ಚನ್ನೆಲ್ಲ ಹೂವಿನ ಪಾತಿಗೆ ಸುರಿದಳು. ಎಕರೆಗಟ್ಟಲೆ ತೋಟಗಳನ್ನು ರೂಪಿಸಿದವಳ ಮುಂದೆ ಈಗ ಇದ್ದದ್ದು ಒಂದು ಡ್ರಾಯರ್. ಹೌದು, ಆ ತೋಟದ ಜಾಗ ಮನೆಯ ಬುಡದಲ್ಲಿನ ಡ್ರಾಯರಿನೊಳಗೆ. ಎಳೆದರೆ ತೋಟ, ತಳ್ಳಿದರೆ ಮಾಯ.

ಲೆಕ್ಕ ಹಾಕಿ ನೋಡಿ. ಮೂರು ಅಂಗುಲ ಅಗಲದ ಗುಲಾಬಿ ಕಾಲು ಅಂಗುಲಕ್ಕೆ ಇಳಿಯಬೇಕು. ಇಪ್ಪತ್ತನಾಲ್ಕು ಅಡಿಯ ಮರ ಎರಡಡಿಗೆ. ನಲ್ಲಿ, ಬೀಗ, ಕುರ್ಚಿ ಇವೆಲ್ಲ ಗಣಿತದ ಮಾತು ಕೇಳುತ್ತವೆ, ಗಿಡ ಕೇಳುವುದಿಲ್ಲ. ಬೋನ್ಸಾಯ್ ಮಾಡುವವರನ್ನು ಕೇಳಿ: ಮರವನ್ನು ಕುಬ್ಜವಾಗಿಸಬಹುದು, ಎಲೆಯನ್ನೂ ಅಷ್ಟಿಷ್ಟು ಕಿರಿದಾಗಿಸಬಹುದು, ಹೂವು, ಹಣ್ಣು ಮಾತ್ರ ತಮ್ಮ ಗಾತ್ರವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೇಲಾಗಿ ಬಿಸಿಲು ಕಾಣದ ಡ್ರಾಯರಿನಲ್ಲಿ ಯಾವ ಗಿಡ ಬದುಕೀತು? ಹಾಗಾಗಿ ವೈನ್ ಕೂಡ ನಿಜವಿದ್ದ ಮನೆಯಲ್ಲಿ ತೋಟ ಮಾತ್ರ ಕೃತಕವಾಯಿತು. ಹೂವು, ಎಲೆ, ಬಳ್ಳಿ ಎಲ್ಲ ಕೈಕೆಲಸ. ಜೊತೆಗೆ ಮಾಲಿಯ ಸಲಕರಣೆಗಳೂ ಇವೆ, ಅವುಗಳಿಗೆ ಕೆಲಸವಿಲ್ಲ ಅಷ್ಟೆ.

1924ರಲ್ಲಿ ವೆಂಬ್ಲಿಯ ಸಾಮ್ರಾಜ್ಯ ವಸ್ತುಪ್ರದರ್ಶನದಲ್ಲಿ ಮನೆ ಜನರ ಕಣ್ಣಿಗೆ ಬಿತ್ತು. ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಆಮೇಲೆ ಅದು ವಿಂಡ್ಸರ್ ಅರಮನೆ ಸೇರಿತು.

ಜೀವಂತ ಗಿಡದಲ್ಲೇ ಈ ಅಳತೆ ಹಿಡಿದವನು ಬಂದದ್ದು ಕೆಲವೇ ವರ್ಷಗಳ ನಂತರ. ಬೀಕನ್ಸ್‌ಫೀಲ್ಡ್ ಎಂಬ ಊರಿನ ರೋಲಂಡ್ ಕ್ಯಾಲಿಂಗ್‌ಹ್ಯಾಮ್ ವೃತ್ತಿಯಲ್ಲಿ ಲೆಕ್ಕಿಗ. ತನ್ನ ತೋಟದಲ್ಲೇ ಬೆಕನ್ಸ್‌ಕಾಟ್ ಎಂಬ ಪುಟಾಣಿ ಊರು ಕಟ್ಟಿ 1929ರಲ್ಲಿ ಜನರಿಗೆ ತೆರೆದ. ಅಲ್ಲಿಯೂ ಒಂದಕ್ಕೆ ಹನ್ನೆರಡರ ಅಳತೆಯೇ. ಆದರೆ ಮರಗಳು ಉಸಿರಾಡುವಂಥವು: ಸೂಜಿಯೆಲೆಯ ಕುಬ್ಜ ಜಾತಿಗಳು. ದೊಡ್ಡ ಎಲೆಯದನ್ನು ಚಿಕ್ಕದು ಮಾಡುವ ಬದಲು, ಚಿಕ್ಕ ಎಲೆಯದನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕತ್ತರಿಯದು, ಅದಕ್ಕೆ ಮುಗಿತಾಯವಿಲ್ಲ. ಇಂದು ಗೊಂಬೆಮನೆಯ ಮುಂದೆ ತೋಟ ಹಾಕುವ ಹವ್ಯಾಸಿಗಳು ಹಿಡಿದಿರುವುದೂ ಇದೇ ಎರಡು ದಾರಿ. ಒಬ್ಬರು ಕಾಗದ, ತಂತಿ, ಬಣ್ಣ ಹಿಡಿಯುತ್ತಾರೆ. ಇನ್ನೊಬ್ಬರು ಪಾಚಿ, ನೆಲಕ್ಕೆ ಹಬ್ಬುವ ಸಣ್ಣೆಲೆಯ ಗಿಡ ತಂದು ದಿನವೂ ಸವರುತ್ತಾರೆ.

ನಮ್ಮ ಗೊಂಬೆ ಕೂರಿಸುವ ಮನೆಗಳಿಗೆ ಅಳತೆಯ ಹಂಗೇ ಇಲ್ಲ. ಶೆಟ್ಟಿ–ಶೆಟ್ಟಮ್ಮನ ಮುಂದಿನ ಅಂಗಡಿ ಅವರ ಮೊಣಕಾಲಿಗೂ ಬರುವುದಿಲ್ಲ, ಪಕ್ಕದ ಆನೆ ಮೇಕೆಯಷ್ಟಿರುತ್ತದೆ. ಜೀಕಲ್ ನಮ್ಮಮ್ಮನ ತಟ್ಟೆ ನೋಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದಳೋ ಏನೋ. ಅಳತೆ ಆಕೆಯದ್ದೇ ಸರಿ, ಒಪ್ಪಿದೆ. ಆದರೂ ನನ್ನ ಓಟು ರಾಗಿ ತಟ್ಟೆಗೇ. ತೋಟವೆಂದರೆ ನಾಳೆ ಬೆಳಿಗ್ಗೆ ಎದ್ದು ನೋಡುವಂಥದ್ದೇನಾದರೂ ಇರಬೇಕು. ವಿಂಡ್ಸರಿನ ಡ್ರಾಯರಿನಲ್ಲಿ ನೂರು ವರ್ಷದಿಂದ ಒಂದೆಲೆಯೂ ಉದುರಿಲ್ಲ, ಒಂದು ಮೊಗ್ಗೂ ಬಿರಿದಿಲ್ಲ. ನಮ್ಮನೆಯ ಪಾರ್ಕು ಹತ್ತೇ ದಿನದ್ದು. ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸಿ, ಮರುದಿನ ಆ ಹುಲ್ಲನ್ನು ಅಮ್ಮ ಬೀದಿಯ ಹಸುವಿಗೆ ಹಾಕುತ್ತಿದ್ದರು.