ಘನ ಕಿಲೋಮೀಟರು ಮತ್ತು ಘನ ಮೀಟರು: ಜಲಗಣನೆಯಲ್ಲಿ ಮಾನ ಪರಿವರ್ತನೆ

ಮೆಟ್ರಿಕ್ ಪದ್ಧತಿಯಲ್ಲಿ ‘ಕಿಲೋ’ ಎಂಬುದು ಸಾವಿರವನ್ನು ಸೂಚಿಸುತ್ತದೆಯಾದರೂ ಘನ ಕಿಲೋಮೀಟರೆಂದರೆ ಸಾವಿರ ಘನ ಮೀಟರಲ್ಲ. ಉದ್ದ, ಅಗಲ, ಎತ್ತರಗಳು ಮೂರೂ ಸಾವಿರ ಪಟ್ಟು ಹಿಗ್ಗುವುದರಿಂದ ಅದು ನೂರು ಕೋಟಿ ಘನ ಮೀಟರಿಗೆ, ಎಂದರೆ ಸಾವಿರ ದಶಲಕ್ಷ ಘನ ಮೀಟರಿಗೆ ಸಮ. ಜಲಾಶಯಗಳ ಲೆಕ್ಕದಲ್ಲಿ ಟಿಎಂಸಿಯೂ ಸೇರಿಕೊಂಡು ಗೊಂದಲ ಹೆಚ್ಚುತ್ತದೆ. ಅದೂ ನೂರು ಕೋಟಿಯೇ, ಆದರೆ ಘನ ಅಡಿಗಳದು. ಮೆಟ್ರಿಕ್ಕಿನಲ್ಲಿ ಸುಮಾರು 2.83 ಕೋಟಿ ಘನ ಮೀಟರು ಮಾತ್ರ.

ಕಾವೇರಿ ನ್ಯಾಯಮಂಡಳಿಯು 2007ರ ಅಂತಿಮ ತೀರ್ಪಿನಲ್ಲಿ ಹಂಚಿಕೆಗೆ ಆಧಾರವಾಗಿ ಅಂಗೀಕರಿಸಿದ ನೀರು 740 ಟಿಎಂಸಿ, ಅಂದರೆ 20.954 ಘನ ಕಿಲೋಮೀಟರು. ಇದನ್ನು 21 ಎಂದು ಬರೆದರೆ ನದಿಯಲ್ಲಿಲ್ಲದ 1.6 ಟಿಎಂಸಿ ನೀರು ಕಾಗದದ ಮೇಲೆ ಹುಟ್ಟಿಬಿಡುತ್ತದೆ. ಅದೇ ತೀರ್ಪಿನಲ್ಲಿ ಪುದುಚೇರಿಗೆ ದೊರೆತ ಪಾಲೇ 7 ಟಿಎಂಸಿ. ಆದುದರಿಂದ ಹಂಚಿಕೆಯ ಕಡತಗಳಲ್ಲಿ ದಶಲಕ್ಷ ಘನ ಮೀಟರನ್ನೇ ಬಳಸಿ 20,954 ಎಂದು ನಮೂದಿಸುವುದು ಲೇಸು.