ಅಳಿಸಿಹೋದ ಆಟ: ಮಕ್ಕಳ ದುಃಖವನ್ನು ಹಗುರವಾಗಿ ಎಣಿಸಬೇಡಿ

ಕೊಳೆರೋಗ, ಮೈಲುತುತ್ತು, ಇಲಿಜ್ವರ ಎಂದು ಬರೆಯುವ ಈ ಪುಟದಲ್ಲಿ ಮೊಬೈಲ್ ಆಟಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ತಿಂಗಳುಗಟ್ಟಲೆ ಆಡಿ ಕೂಡಿಸಿಟ್ಟದ್ದು, ಮಕ್ಕಳ ಮಾತಿನಲ್ಲಿ ಹೇಳುವುದಾದರೆ ಆ 'ಸೇವ್', ಒಂದು ದಿನ ಥಟ್ಟನೆ ಮಾಯವಾದರೆ ಹುಡುಗ ಊಟ ಬಿಟ್ಟು ಮೂಲೆ ಸೇರುತ್ತಾನೆ. ಮನೆಯ ಹಿರಿಯರು 'ಹೋದರೆ ಹೋಯಿತು, ಪುಸ್ತಕ ತೆಗೆ' ಎನ್ನುತ್ತಾರೆ. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ. ಇದು ಆರೋಗ್ಯದ ವಿಷಯವೇ ಆದುದರಿಂದ ಈ ಸಲ ಇದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಈ 'ಸೇವ್' ಎಂದರೇನು ಎಂದು ತಿಳಿಯೋಣ. ಆಟಗಾರ ಎಲ್ಲಿಯವರೆಗೆ ತಲುಪಿದ್ದಾನೆ, ಏನೇನು ಗಳಿಸಿದ್ದಾನೆ ಎಂಬ ಲೆಕ್ಕವನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಅಡಕೆ ಮಾರಾಟದ ಲೆಕ್ಕಪುಸ್ತಕ ಇದ್ದ ಹಾಗೆ. ಹಿಂದೆ ಟಿ.ವಿ.ಗೆ ಜೋಡಿಸಿ ಆಡುವ ಆಟಗಳಲ್ಲಿ ಈ ಸೌಕರ್ಯ ವಿರಳವಾಗಿತ್ತು. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ನಿಂಟೆಂಡೊ ಕಂಪೆನಿಯ 'ದಿ ಲೆಜೆಂಡ್ ಆಫ್ ಜೆಲ್ಡಾ' ಎಂಬ ಆಟದ ಪೆಟ್ಟಿಗೆಯೊಳಗೆ ಲೆಕ್ಕ ಉಳಿಸಲೆಂದೇ ಒಂದು ಪುಟ್ಟ ಬ್ಯಾಟರಿ ಇತ್ತು. ವರ್ಷಗಳು ಕಳೆದು ಆ ಬ್ಯಾಟರಿ ತೀರಿದಾಗ ಲೆಕ್ಕವೂ ಅಳಿಸಿಹೋಗುತ್ತಿತ್ತು. ಅಂದರೆ ಈ ದುಃಖ ಇಂದಿನ ಮಕ್ಕಳು ಕಂಡುಹಿಡಿದದ್ದಲ್ಲ.

ಕೃಷಿಕರಾದ ನಮಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರ. 2009ರ ಜೂನ್‌ನಲ್ಲಿ ಜಿಂಗಾ ಎಂಬ ಅಮೆರಿಕದ ಕಂಪೆನಿ ಫೇಸ್‌ಬುಕ್‌ನಲ್ಲಿ 'ಫಾರ್ಮ್‌ವಿಲ್' ಎಂಬ ಆಟವನ್ನು ಆರಂಭಿಸಿತು. ಪರದೆಯ ಮೇಲೆ ಗದ್ದೆ ಉತ್ತು, ಬಿತ್ತಿ, ಹೊತ್ತಿಗೆ ಸರಿಯಾಗಿ ಕೊಯ್ಯಬೇಕು. ತಡಮಾಡಿದರೆ ಬೆಳೆ ಬಾಡುತ್ತದೆ. ಸ್ಟ್ರಾಬೆರಿ ನಾಲ್ಕು ಗಂಟೆಯಲ್ಲಿ ಕೊಯ್ಲಿಗೆ ಬರುತ್ತಿತ್ತು. ನಮ್ಮ ಅಡಕೆ ಸಸಿಯೂ ಹಾಗೆ ಬರುವಂತಿದ್ದರೆ! ದೊಡ್ಡವರೇ ಕೊಯ್ಲಿಗಾಗಿ ನಡುರಾತ್ರಿ ಅಲಾರಾಂ ಇಟ್ಟು ಏಳುತ್ತಿದ್ದರು. ಆಟಕ್ಕೆ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶವನ್ನೇ ನಿಲ್ಲಿಸಿದ್ದರಿಂದ 2020ರ ಡಿಸೆಂಬರ್ 31ರಂದು ಫಾರ್ಮ್‌ವಿಲ್ ಮುಚ್ಚಿತು. ಹತ್ತು ವರ್ಷ ಸಾಕಿದ ಹಟ್ಟಿ, ತೋಟ ಎಲ್ಲವೂ ಒಂದೇ ದಿನ ಇಲ್ಲವಾಯಿತು.

ನಮ್ಮ ದೇಶದ ಮಕ್ಕಳಿಗೆ ಅಂಥ ಪೆಟ್ಟು ಅದೇ ವರ್ಷ ಬಿದ್ದಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅವುಗಳಲ್ಲಿ ಪಬ್ಜಿಯೂ ಇತ್ತು. ಅಕ್ಟೋಬರ್ 30ಕ್ಕೆ ಆಟ ಪೂರ್ತಿ ನಿಂತಿತು. 2021ರ ಜುಲೈಯಲ್ಲಿ ಬೇರೆ ಹೆಸರಿನಲ್ಲಿ ಅದು ಮರಳಿ ಬಂದಾಗ, ತಮ್ಮ ಆಟವನ್ನು ಫೇಸ್‌ಬುಕ್ ಮೊದಲಾದ ಖಾತೆಗೆ ಜೋಡಿಸಿಟ್ಟವರಿಗೆ ಹಳೆಯ ಗಳಿಕೆಯನ್ನು ನಿಗದಿತ ಅವಧಿಯೊಳಗೆ ವರ್ಗಾಯಿಸಿಕೊಳ್ಳುವ ಅವಕಾಶ ಸಿಕ್ಕಿತು. ಈ 'ಜೋಡಿಸಿಡುವುದು' ಎಂಬುದನ್ನು ಗಮನದಲ್ಲಿಡಿ.

ಮನೆಗಳಲ್ಲಿ ಆಟ ಅಳಿಸಿಹೋಗುವುದಕ್ಕೆ ಸರಕಾರವೂ ಬೇಡ, ಅಮೆರಿಕದ ಕಂಪೆನಿಯೂ ಬೇಡ. ಫೋನಿನಲ್ಲಿ ಜಾಗ ಸಾಲದೆಂದು ಅಪ್ಪ ಆ್ಯಪ್ ಅಳಿಸುತ್ತಾರೆ. ಮಳೆಗಾಲದಲ್ಲಿ ಫೋನಿಗೆ ನೀರು ಹೋಗುತ್ತದೆ, ಅಂಗಡಿಯವರು ರೀಸೆಟ್ ಮಾಡಿ ಕೊಡುತ್ತಾರೆ. ಕಂಪ್ಯೂಟರಿನಲ್ಲಿ ಆಡುತ್ತಿರುವಾಗ, ಯಂತ್ರ ಲೆಕ್ಕ ಬರೆಯುತ್ತಿರುವ ಆ ಕ್ಷಣದಲ್ಲೇ ಕರೆಂಟು ಹೋದರೆ ಆ ಕಡತವೇ ಕೆಡಬಹುದು. ತುಲಾ ತಿಂಗಳ ಸಂಜೆಯ ಗುಡುಗು ಸಿಡಿಲಿನ ವೇಳೆ ನಮ್ಮಲ್ಲಿ ಇದು ಹೊಸತೇನಲ್ಲ.

ಹೋದದ್ದನ್ನು ತರಲು ಸಾಧ್ಯವೇ? ಕೆಲವೊಮ್ಮೆ ಸಾಧ್ಯ. ಆಟದ ಲೆಕ್ಕ ಇರುವುದು ಎರಡು ಕಡೆ: ಫೋನಿನೊಳಗೆ, ಇಲ್ಲವೇ ದೂರದ ಕಂಪೆನಿಯ ಕಂಪ್ಯೂಟರಿನಲ್ಲಿ. ಗೂಗಲ್, ಫೇಸ್‌ಬುಕ್ ಖಾತೆಯ ಮೂಲಕ ಪ್ರವೇಶಿಸಿ ಆಡುತ್ತಿದ್ದರೆ ಲೆಕ್ಕ ಸಾಮಾನ್ಯವಾಗಿ ಕಂಪೆನಿಯಲ್ಲಿ ಇರುತ್ತದೆ. ಹೊಸ ಫೋನಿನಲ್ಲಿ ಹಿಂದಿನ ಅದೇ ಖಾತೆಯಿಂದ ಒಳಹೊಕ್ಕರೆ ಹೆಚ್ಚಿನ ಆಟಗಳು ಮರಳಿ ಸಿಗುತ್ತವೆ. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ ಎಂದು ಮೂರು ನಾಲ್ಕು ಜಿಮೇಲ್ ಖಾತೆಗಳಿದ್ದರೆ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ. 'ಗೆಸ್ಟ್' ಎಂದು ಆಡುತ್ತಿದ್ದವರಿಗೆ ಈ ದಾರಿ ಕಷ್ಟ. ಆದರೂ ಆಟದೊಳಗಿನ ಸಹಾಯ ವಿಭಾಗಕ್ಕೆ ಆಟಗಾರನ ಗುರುತು ಸಂಖ್ಯೆ, ಹಣ ಕೊಟ್ಟು ಏನಾದರೂ ಕೊಂಡಿದ್ದರೆ ಅದರ ರಶೀದಿ ಇವುಗಳೊಂದಿಗೆ ಬರೆದು ನೋಡಬಹುದು. ಹಳೆಯ ಫೋನ್ ಇನ್ನೂ ಇದ್ದರೆ ಅದನ್ನು ಯಾರಿಗೂ ಕೊಡಬೇಡಿ, ಅದರಲ್ಲಿ ಆಟವನ್ನು ಅಳಿಸಲೂ ಬೇಡಿ. ಕಂಪ್ಯೂಟರಿನಲ್ಲಾದರೆ ಅದೇ ಹೆಸರಿನಲ್ಲಿ ಹೊಸ ಆಟ ಆರಂಭಿಸಬಾರದು. ಹೊಸ ಲೆಕ್ಕ ಹಳೆಯದರ ಮೇಲೆಯೇ ಬರೆಯಲ್ಪಡಬಹುದು.

ಇಲ್ಲಿ ಒಂದು ಎಚ್ಚರಿಕೆ. ದುಃಖದಲ್ಲಿರುವ ಹುಡುಗನಿಗೆ 'ನಿನ್ನ ಆಟ ನಾನು ತೆಗೆದುಕೊಡುತ್ತೇನೆ, ಪಾಸ್‌ವರ್ಡ್ ಕೊಡು, ಅಮ್ಮನ ಫೋನಿಗೆ ಬಂದ ಒಟಿಪಿ ಹೇಳು' ಎನ್ನುವ ಅಪರಿಚಿತರು ಇದ್ದಾರೆ. ಅಂಥವರಿಂದ ಆಟ ಸಿಗುವುದಿಲ್ಲ, ಬ್ಯಾಂಕಿನ ದುಡ್ಡು ಹೋಗುತ್ತದೆ. ಹಾಗೇನಾದರೂ ಆದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಒಳ್ಳೆಯದು. ಹುಡುಗ ಹೆದರಿ ಮುಚ್ಚಿಡದಂತೆ ಮೊದಲೇ ಅವನಲ್ಲಿ ಈ ಮಾತನ್ನು ಆಡಿಡಿ.

ಇನ್ನು ದುಃಖದ ಮಾತು. ಸಿಕ್ಕಿದ್ದರ ಸಂತೋಷಕ್ಕಿಂತ ಅಷ್ಟೇ ಬೆಲೆಯದು ಕಳೆದುಹೋದ ನೋವು ಮನುಷ್ಯನಿಗೆ ಹೆಚ್ಚು ಎಂಬುದನ್ನು ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ. ನಮಗೆ ಅದಕ್ಕೆ ಲೇಖನವೂ ಬೇಕಾಗಿಲ್ಲ. ವರ್ಷಗಟ್ಟಲೆ ನೀರೆರೆದ ಅಡಕೆ ತೋಟಕ್ಕೆ ಹಳದಿ ರೋಗ ಬಂದವರ ಮುಂದೆ 'ಮರ ತಾನೆ, ಬೇರೆ ನೆಡಿ' ಎಂದು ಹೇಳುವ ಧೈರ್ಯ ಯಾರಿಗಿದೆ? ಎರಡೂ ಒಂದೇ ತೂಕದ ನಷ್ಟ ಎಂದು ನಾವು ಹೇಳುತ್ತಿಲ್ಲ. ತೋಟ ಹೋದರೂ ಸೊಸೈಟಿಯ ಸಾಲ ಉಳಿಯುತ್ತದೆ, ಆಟದಲ್ಲಿ ಅದಿಲ್ಲ. ಆದರೆ ಹನ್ನೆರಡು ವರ್ಷದ ಮಗುವಿನ ಬಳಿ ತಾನೇ ಕಟ್ಟಿದ್ದು ಎಂದು ಹೇಳಿಕೊಳ್ಳಲು ಬೇರೇನಿದೆ ಎಂದು ಒಮ್ಮೆ ಯೋಚಿಸಿ.

ಆದ್ದರಿಂದ ಮೊದಲ ದಿನ ಬೈಗಳೂ ಬೇಡ, ಉಪದೇಶವೂ ಬೇಡ. 'ಏನೇನಿತ್ತು ಅದರಲ್ಲಿ?' ಎಂದು ಕೇಳಿ, ಹೇಳುವಷ್ಟು ಹೇಳಲಿ. ಆ್ಯಪ್ ಅಳಿಸಿದವರು ಮನೆಯವರೇ ಆಗಿದ್ದರೆ 'ಗೊತ್ತಿರಲಿಲ್ಲ ಮಗಾ' ಎಂದು ಹೇಳುವುದರಿಂದ ಹಿರಿತನಕ್ಕೇನೂ ಕುಂದಿಲ್ಲ. ಊಟ ಮತ್ತು ನಿದ್ದೆ ಮಾತ್ರ ತಪ್ಪಬಾರದು. ಹೋದದ್ದನ್ನು ಒಂದೇ ರಾತ್ರಿಯಲ್ಲಿ ಮತ್ತೆ ಗಳಿಸುತ್ತೇನೆಂದು ಬೆಳಗಿನವರೆಗೆ ಕೂರಲು ಬಿಡಬೇಡಿ. ನಾಲ್ಕಾರು ದಿನ ಆಟಕ್ಕೆ ಬಿಡುವು ಕೊಟ್ಟರೆ ಒಳ್ಳೆಯದು. ಲೆಕ್ಕ ಅಳಿಸಿದರೂ ಕೈಯ ಪಳಗಿಕೆ ಅಳಿಸುವುದಿಲ್ಲ, ಎರಡನೆಯ ಸಲ ಅದೇ ದಾರಿ ಬೇಗ ಸಾಗುತ್ತದೆ. ಇದನ್ನು ಅವನೇ ಕಂಡುಕೊಳ್ಳಲಿ. ಬಿಡುವಿನಲ್ಲಿ ಆಟದ ಆಸೆಯೇ ಇಳಿದುಹೋದರೆ ಅದಕ್ಕೂ ಅಡ್ಡಿಯಿಲ್ಲ.

ಹೆಚ್ಚಿನ ಮಕ್ಕಳಲ್ಲಿ ಈ ದುಃಖ ದಿನಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಶಾಲೆ, ಗೆಳೆಯರು, ಊಟ ಎಲ್ಲವನ್ನೂ ಬಿಟ್ಟರೆ ವೈದ್ಯರಿಗೆ ತೋರಿಸಬೇಕು. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮೊದಲಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ಪರಿಗಣಿಸುತ್ತದೆ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಗಳ ಪಟ್ಟಿಯಲ್ಲಿ ಇದು ಸೇರಿದೆ. ಒಂದು ಸಲ ಅತ್ತದ್ದಕ್ಕೆ ಈ ಹೆಸರು ಹಚ್ಚಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯವಿದೆ. ಮಗು 'ಇನ್ನು ಬದುಕಿ ಏನು' ಎಂಬಂಥ ಮಾತಾಡಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ಒಬ್ಬನನ್ನೇ ಬಿಡಲೂ ಬೇಡಿ. ಕೇರಳದ 'ದಿಶಾ' 1056, ಕೇಂದ್ರದ 'ಟೆಲಿ ಮಾನಸ್' 14416, ಎರಡೂ ಹಗಲಿರುಳು ಉಚಿತ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನಲ್ಲಿ ಭಾಷೆ ಆರಿಸುವ ಅವಕಾಶವಿದ್ದು, ಕನ್ನಡವೂ ಅದರಲ್ಲಿದೆ. ಮಲಯಾಳದಲ್ಲಿ ಮನಸ್ಸು ಬಿಚ್ಚಿ ಹೇಳಲಾಗದ ನಮ್ಮ ಮಂದಿಗೆ ಇದು ದೊಡ್ಡ ಅನುಕೂಲ.

ಕೊನೆಯದಾಗಿ ಮುಂಜಾಗ್ರತೆ. ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆಯುವ ಹಾಗೆ ಇದನ್ನೂ ಮೊದಲೇ ಮಾಡಿಡಬೇಕು. 'ಗೆಸ್ಟ್' ಆಟವನ್ನು ಒಂದು ಖಾತೆಗೆ ಜೋಡಿಸಿ, ಅದರ ಪಾಸ್‌ವರ್ಡನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಮೈನ್‌ಕ್ರಾಫ್ಟ್ ಆಡುವವರ ಊರು, ಮನೆಗಳೆಲ್ಲ ಫೋನಿನೊಳಗೇ ಇರುವುದರಿಂದ ಆ್ಯಪ್ ಅಳಿಸಿದರೆ ಅವೂ ಹೋಗುತ್ತವೆ. ಆಟದಲ್ಲೇ ಇರುವ 'ಎಕ್ಸ್‌ಪೋರ್ಟ್' ಎಂಬುದನ್ನು ಒತ್ತಿ ಪ್ರತಿ ತೆಗೆದು ಬೇರೆ ಕಡೆ ಇಡಬೇಕು. ಮೇಜಿನ ಕಂಪ್ಯೂಟರಿಗೆ ಯು.ಪಿ.ಎಸ್. ಇರಲಿ, ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ. ಫೋನನ್ನು ರಿಪೇರಿಗೆ ಕೊಡುವ ಮುನ್ನ, ಆ್ಯಪ್ ಅಳಿಸುವ ಮುನ್ನ, 'ಇದರಲ್ಲಿ ನಿನ್ನದೇನಾದರೂ ಇದೆಯಾ ಮಗಾ?' ಎಂದು ಒಂದು ಮಾತು ಕೇಳಿ.