ಕೊಟ್ಟಿಗೆ ಗೋಡೆಯ ನೀಲಿ ಪಟ್ಟಿ ಜೇನು

ಕಳೆದ ದಸರಾಕ್ಕೆ ಊರಿಗೆ ಹೋದಾಗ ಅವ್ವ ದನದ ಕೊಟ್ಟಿಗೆಯ ಮಣ್ಣಿನ ಗೋಡೆಗೆ ಸಿಮೆಂಟ್ ಹೊಡೆಸೋ ತಯಾರಿಯಲ್ಲಿದ್ದಳು. ಗೋಡೆ ತುಂಬ ಪೆನ್ಸಿಲ್ ತೂರುವಷ್ಟು ತೂತುಗಳು. ಬೆಳಗ್ಗೆ ಚಹಾ ಹಿಡಿದು ಅಲ್ಲೇ ಕೂತಿದ್ದೆ. ಒಂದು ತೂತಿನಿಂದ ಹುಳವೊಂದು ಹೊರಬಂತು. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳು. ಗಾಳಿಯಲ್ಲಿ ಒಂದು ಕ್ಷಣ ನಿಂತು, ಸರ್ರಂತ ಬದನೆ ಗಿಡಗಳ ಕಡೆ ಹೋಯಿತು.

ನಮ್ಮೂರು ಸಂಡೂರು ತಾಲ್ಲೂಕಿನ ವಡ್ಡು. ಹುಟ್ಟಿ ಬೆಳೆದಿದ್ದೆಲ್ಲ ಅಲ್ಲೇ. ಆದ್ರೂ ಈ ಹುಳವನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಹತ್ತು ಫೋಟೋ ತೆಗೆದೆ, ಒಂಬತ್ತು ಮಸುಕು. ಉಳಿದ ಒಂದನ್ನು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದೆ. ಅಮೆಜಿಲ್ಲಾ ಅಂತ ಬಂತು. ಅದು ಹುಳದ ಹೆಸರಲ್ಲ, ಅದರ ಕುಲದ ಹೆಸರು. ಅಂದ್ರೆ ನಮ್ಮ ಲೆಕ್ಕದಲ್ಲಿ ಮನೆತನ ಗೊತ್ತಾಯ್ತು, ಹೆಸರು ಗೊತ್ತಾಗಲಿಲ್ಲ.

ಜೇನು ಅಂದ್ರೆ ನಾಲ್ಕೇ ಅಲ್ಲ

ಜೇನು ಅಂದ ಕೂಡಲೇ ನಮಗೆ ನೆನಪಾಗೋದು ನಾಲ್ಕು. ಹಂಪಿಯ ದೊಡ್ಡ ಬಂಡೆಗಳ ಕೆಳಗೆ ಜೋತುಬೀಳುವ ಹೆಜ್ಜೇನು, ಪೊಟರೆಯಲ್ಲಿ ಗೂಡು ಕಟ್ಟುವ ತುಡುವೆ, ಬೇಲಿ ಕಡ್ಡಿಗೆ ಅಂಗೈಯಗಲದ ರೊಟ್ಟಿ ಕಟ್ಟುವ ಕೋಲು ಜೇನು, ಗೋಡೆ ಸಂದಿಯಲ್ಲಿ ಅಂಟಿನ ಕೊಳವೆ ಮಾಡಿಕೊಳ್ಳುವ ನಸರಿ. ರಾಮಾಯಣದ ಕಿಷ್ಕಿಂಧೆ ಅಂತ ನಾವು ನಂಬಿರೋದು ಇದೇ ಆನೆಗೊಂದಿ-ಹಂಪಿ ಸೀಮೆಯನ್ನು. ಸುಗ್ರೀವನ ಮಧುವನಕ್ಕೆ ನುಗ್ಗಿ ವಾನರರು ಜೇನು ಕುಡಿದು ಕುಣಿದ ಕಥೆ ಕೇಳಿಯೇ ಬೆಳೆದವರು ನಾವು. ದರೋಜಿಯ ಕರಡಿಗಳಿಗಂತೂ ಜೇನು ಅಂದ್ರೆ ಪ್ರಾಣ.

ಆದ್ರೆ ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಜೇನು ಪ್ರಭೇದಗಳು 20,000ಕ್ಕೂ ಹೆಚ್ಚು. ಭಾರತದಲ್ಲೇ 700 ದಾಟುತ್ತವೆ. ಇವುಗಳಲ್ಲಿ ಬಹುಪಾಲಿಗೆ ರಾಣಿಯೂ ಇಲ್ಲ, ಹುಟ್ಟೂ ಇಲ್ಲ, ನಮಗೆ ಕೊಡೋಕೆ ತುಪ್ಪವೂ ಇಲ್ಲ. ಒಂಟಿ ಹೆಣ್ಣು ತಾನೇ ಗೂಡು ಮಾಡಿ, ಪರಾಗ ತಂದಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತೆ. ಹೆಚ್ಚಿನವು ನೆಲದೊಳಗೆ ಬಿಲ ತೋಡುತ್ತವೆ. ಗುಲಾಬಿ ಎಲೆಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅರ್ಧಚಂದ್ರ ಮಾಡಿ ಒಯ್ಯೋದು ಎಲೆಕತ್ತರಿ ಜೇನು. ಒಣಗಿದ ತೊಲೆ, ಬಿದಿರು ಕೊರೆಯುವ ಕರಿ ದುಂಬಿಯೂ ಜೇನಿನ ಕುಟುಂಬದ್ದೇ.

ಬದನೆಕಾಯಿಯ ಗುಟ್ಟು

ಬದನೆ ಹೂವಿನ ಪರಾಗ ಮೇಲೆ ಉದುರಿ ಬಿದ್ದಿರೋದಿಲ್ಲ. ಕೊಳವೆಯಂಥ ಕೇಸರದೊಳಗೆ ಇರುತ್ತೆ, ತುದಿಯಲ್ಲಿ ಸಣ್ಣ ರಂಧ್ರ. ಉಪ್ಪಿನ ಡಬ್ಬಿ ಇದ್ದ ಹಾಗೆ, ಅಲುಗಾಡಿಸಿದರೆ ಮಾತ್ರ ಉದುರುತ್ತೆ. ಪೆಟ್ಟಿಗೆ ಜೇನಿಗೆ ಈ ವಿದ್ಯೆ ಗೊತ್ತಿಲ್ಲ. ನಮ್ಮ ಗೋಡೆಯ ನೀಲಿ ಪಟ್ಟಿ ಜೇನು ಹೂವನ್ನು ಅಪ್ಪಿಕೊಂಡು ರೆಕ್ಕೆಯ ಸ್ನಾಯುಗಳನ್ನು ಜೋರಾಗಿ ಕಂಪಿಸುತ್ತೆ. ಫೋನ್ ವೈಬ್ರೇಟ್ ಆದ ಹಾಗೆ ಸದ್ದು ಬರುತ್ತೆ, ಪರಾಗ ಉದುರುತ್ತೆ. ಟೊಮೆಟೊಗೂ ಇದೇ ಉಪಾಯ. ಸಂಡೂರಿನ ದಾರಿಯುದ್ದಕ್ಕೂ ಹಳದಿ ಹೂ ಬಿಡುವ ತಂಗಡಿ ಗಿಡಕ್ಕೆ ಕರಿ ದುಂಬಿ ಮಾಡೋದೂ ಇದನ್ನೇ. ಹೊಲದ ಬದುವಿನಲ್ಲಿರುವ ಎಕ್ಕದ ಹೂವಿಗೂ ಕರಿ ದುಂಬಿಯೇ ನೆಂಟ.

ತೊಗರಿ ಹೂವಿನ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಅಲ್ಲಿ ಕೆಲಸ ಮಾಡುವವರಲ್ಲಿ ಎಲೆಕತ್ತರಿ ಬಳಗದವರು ಇದ್ದೇ ಇರ್ತಾರೆ.

ಹೆಸರು ಹಚ್ಚೋದು ಯಾಕೆ ಕಷ್ಟ?

ಭಾರತದ ಜೇನುಗಳ ಮೊದಲ ದೊಡ್ಡ ಪುಸ್ತಕ ಬರೆದವರು ಸೇನಾಧಿಕಾರಿ ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮ್, 1897ರಲ್ಲಿ. ಆಮೇಲೆ ಎಷ್ಟೋ ಹೆಸರುಗಳು ಬದಲಾಗಿವೆ, ಹೊಸ ಪ್ರಭೇದಗಳು ಸೇರಿವೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ವಿ. ವಿ. ಬೆಳವಾಡಿಯಂಥವರು ಜೇನುಗಳ ವರ್ಗೀಕರಣದಲ್ಲಿ ಕೆಲಸ ಮಾಡಿದ್ದಾರೆ. ಹೆಬ್ಬಾಳದಲ್ಲಿ ಕೃಷಿ ಕೀಟಗಳಿಗೆಂದೇ ರಾಷ್ಟ್ರೀಯ ಸಂಸ್ಥೆಯೊಂದಿದೆ.

ಫೋಟೋ ನೋಡಿ ಎಲ್ಲವನ್ನೂ ಹೇಳೋಕಾಗಲ್ಲ. ಎಷ್ಟೋ ಸಲ ರೆಕ್ಕೆಯ ನರಗಳ ವಿನ್ಯಾಸ, ಗಂಡಿನ ಜನನಾಂಗ ಇವನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಪ್ರಭೇದ ಖಚಿತವಾಗೋದು. ನನ್ನ ಎಕ್ಸೆಲ್ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳ ಮುಂದೆ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ.

ಮೊದಲೆಷ್ಟಿತ್ತು?

ಆಫೀಸಿನಲ್ಲಿ ನಮಗೊಂದು ನಿಯಮ. ಟಿಕೆಟ್ ಇಲ್ಲದ ಬಗ್ ಅಂದ್ರೆ ಇಲ್ಲದ ಬಗ್. ಯಾರೂ ಅದನ್ನು ಸರಿಮಾಡೋಕೆ ಬರಲ್ಲ. ಊರಿನ ಹುಳಗಳ ಕಥೆಯೂ ಅಷ್ಟೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಮತ್ತೆ ಗಣಿ ಶುರುವಾಗೋಕೆ ನೆಲದ ಪುನಶ್ಚೇತನ ಯೋಜನೆ ಇರಬೇಕು ಅಂತಾಯ್ತು. ನೆಟ್ಟ ಗಿಡಗಳನ್ನು ಎಣಿಸೋದು ಸುಲಭ. ಆ ಗಿಡದ ಹೂವಿಗೆ ಜೇನು ಮರಳಿ ಬಂತಾ? ಅದನ್ನು ಹೇಳಬೇಕಾದ್ರೆ ಮೊದಲು ಯಾವ್ಯಾವ ಜೇನು ಇತ್ತು ಅನ್ನೋದು ಗೊತ್ತಿರಬೇಕು. ಹಳೆಯ ಲೆಕ್ಕ ಇಲ್ಲದಿದ್ದರೆ ಕಳೆದುಕೊಂಡದ್ದು ಏನು ಅನ್ನೋದೂ ಗೊತ್ತಾಗೋದಿಲ್ಲ.

ಗಣಿಯ ಮಾತು ದೊಡ್ಡದಾಯ್ತು, ಸಣ್ಣದನ್ನೇ ತಗೊಳ್ಳಿ. ಹಟ್ಟಿಗೆಲ್ಲ ಕಾಂಕ್ರೀಟ್, ಬದುವಿಗೆ ಕಳೆನಾಶಕ, ಒಣ ಮರ ಒಲೆಗೆ. ಇವು ಒಂದೊಂದೂ ಯಾವುದೋ ಒಂಟಿ ಜೇನಿನ ಮನೆ.

ನೀವೂ ಶುರು ಮಾಡಬಹುದು

- ಮೊದಲು ರೆಕ್ಕೆ ನೋಡಿ. ಜೇನಿಗೆ ನಾಲ್ಕು, ಜೇನಿನ ವೇಷ ಹಾಕುವ ನೊಣಕ್ಕೆ ಎರಡೇ. ನೊಣದ ಮೀಸೆ ಗಿಡ್ಡ, ಕಣ್ಣು ದೊಡ್ಡದು.
- ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ಮೂರು ಫೋಟೋ ತೆಗೆಯಿರಿ.
- ಯಾವ ಹೂವು, ಯಾವ ಊರು, ಎಷ್ಟು ಹೊತ್ತು ಅಂತ ಬರೆದಿಡಿ. ಹೂವಿನ ಹೆಸರಿಲ್ಲದ ಫೋಟೋ ಅರ್ಧ ಮಾಹಿತಿ.
- ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಆ್ಯಪ್ ಹೇಳಿದ ಹೆಸರನ್ನೇ ಕಣ್ಣುಮುಚ್ಚಿ ಒಪ್ಪಬೇಡಿ.
- ಹಿಡಿಯಬೇಡಿ, ಕೊಲ್ಲಬೇಡಿ. ಮಾದರಿ ಸಂಗ್ರಹ ತಜ್ಞರ ಕೆಲಸ. ಹೆಜ್ಜೇನಿನ ಗೂಡಿನ ಹತ್ತಿರ ಸೆಲ್ಫಿಯಂತೂ ಬೇಡವೇ ಬೇಡ.
- ಒಂದೇ ಜಾಗವನ್ನು ತಿಂಗಳಿಗೊಮ್ಮೆ ನೋಡಿ. ಹತ್ತು ಊರು ಸುತ್ತೋದಕ್ಕಿಂತ ಅದೇ ಹೆಚ್ಚು ಉಪಯೋಗ.

ಗೋಡೆ ಏನಾಯ್ತು?

"ಏನ್ ಮಾಡ್ತೀಯೋ ಗ್ವಾಡಿ ಮುಂದ ಕುಂತ್ಕಂಡು? ನಾಳೆ ಗೌಂಡಿ ಬರ್ತಾನ" ಅಂದಳು ಅವ್ವ. ನಾನು ಬದನೆ ಹೂವಿನ ಕಥೆ ಹೇಳಿದೆ. "ತೂತು ಬಿಟ್ರ ಚೇಳು ಸೇರ್ಕಂತಾವ, ಅದಕ್ಕೇನ್ ಮಾಡ್ತಿ?" ಅಂದಳು. ಅವಳ ಮಾತೂ ಸುಳ್ಳಲ್ಲ. ದಿನಾ ನಸುಕಿನಲ್ಲಿ ಕೊಟ್ಟಿಗೆಗೆ ಹೋಗೋದು ಅವಳು, ನಾನಲ್ಲ.

ಕೊನೆಗೆ ಒಪ್ಪಂದವಾಯ್ತು. ದನ ಕಟ್ಟುವ ಒಳಭಾಗಕ್ಕೆ ಮತ್ತು ಬಾಗಿಲ ಕಡೆಗೆ ಸಿಮೆಂಟ್, ಬದನೆ ಮಡಿಯ ಕಡೆಯ ಹಿಂಗೋಡೆ ಹಾಗೇ ಇರಲಿ ಅಂತ. ಬಾಗಿಲ ಕಡೆಯ ತೂತುಗಳಲ್ಲೂ ಕೆಲವು ಹುಳಗಳು ಹೋಗಿಬರುತ್ತಿದ್ದವು. ಮರುದಿನ ಸಂಜೆಯ ಹೊತ್ತಿಗೆ ಅವೆಲ್ಲ ಮುಚ್ಚಿಹೋದವು. ಒಳಗೆ ಎಷ್ಟು ಮರಿಗಳಿದ್ದವೋ. ಪಟ್ಟಿಯಲ್ಲಿ ಅದನ್ನೂ ಬರೆದಿಟ್ಟಿದ್ದೇನೆ, ತಾರೀಕು ಹಾಕಿ.

ಈಗ ತಿಂಗಳಿಗೊಮ್ಮೆ ಭಾನುವಾರ ಅವ್ವ ಹಿಂಗೋಡೆಯ ಮುಂದೆ ನಿಂತು ವಿಡಿಯೋ ಕಾಲ್ ಮಾಡ್ತಾಳೆ. ಕ್ಯಾಮೆರಾ ಒಮ್ಮೊಮ್ಮೆ ಆಕಾಶ ತೋರಿಸುತ್ತೆ, ಒಮ್ಮೊಮ್ಮೆ ಅವಳ ಕಿವಿ. ಮೊನ್ನೆ ಅವಳೇ ಹೇಳಿದಳು: "ಇವತ್ತು ನೀಲಿವು ಬಂದಿಲ್ಲ, ಬ್ಯಾರೆ ಒಂದು ಬಂದೈತಿ. ಹೊಟ್ಟಿ ಕೆಂಪಗೈತಿ. ಬರ್ಕೋ."

ಬರೆದುಕೊಂಡೆ. ಮುಂದೆ ಪ್ರಶ್ನಾರ್ಥಕ ಚಿಹ್ನೆ.